ಶಿರಾ ಗೇಟಿನ ಕುದುರೆ ಪಿಕ್ಚರು

ಚಿಕ್ಕಪೇಟೆ, ತುಮಕೂರು
ಭಾನುವಾರ, ೬ ಫೆಬ್ರವರಿ ೧೯೬೬

ಶ್ರೀಕಂಠಯ್ಯನವರಿಗೆ ಕೌಸಲ್ಯ ಮಾಡುವ ನಮಸ್ಕಾರ.

ಸಂಕ್ರಾಂತಿ ಕಳೆದ ವಾರ ನೀವು ಹೆಣ್ಣು ನೋಡಲು ಬಂದಿದ್ದಿರಲ್ಲ, ಆ ಹೆಣ್ಣು ನಾನೇ. ಹುಡುಗಿಯೇ ಹೀಗೆ ಕಾಗದ ಬರೆಯುವುದು ನಿಮ್ಮ ಕುಣಿಗಲ್ಲಿನಲ್ಲಿ ಹೇಗೋ ಕಾಣೆ, ನಮ್ಮ ತುಮಕೂರಿನಲ್ಲಂತೂ ರೂಢಿಯಿಲ್ಲ. ನಿಮ್ಮ ಸ್ಕೂಲಿನ ವಿಳಾಸಕ್ಕೆ ಹಾಕಿದರೆ ಬೇರೆ ಮೇಷ್ಟ್ರುಗಳು ನಿಮ್ಮನ್ನು ಗೋಳು ಹುಯ್ದುಕೊಂಡಾರು ಎಂದು ಮನೆಗೇ ಹಾಕುತ್ತಿದ್ದೇನೆ. ನಿಮ್ಮ ತಾಯಿಯವರೂ ಓದಲಿ, ಅಡ್ಡಿಯಿಲ್ಲ.

ಗುಬ್ಬಿಯಿಂದ ನಿಮ್ಮ ಸೋದರಮಾವ ಮೊನ್ನೆ ಬಂದಿದ್ದರು. ನಮ್ಮ ತಂದೆಯನ್ನು ಜಗಲಿಗೆ ಕರೆದು, "ಹುಡುಗಿ ಯಾಕೆ ಹಾಗೆ ಕಿಸಕ್ಕಂತ ನಕ್ಕಳು ಅಂತ ನಮ್ಮ ಅಕ್ಕ ಕೇಳ್ತಿದಾರೆ. ಹುಡುಗನ್ನ ನೋಡಿ ನಕ್ಕಳೋ, ಇಲ್ಲಾ ಸುಮ್ಮಸುಮ್ಮನೆ ನಗೋ ಅಭ್ಯಾಸವೋ?" ಎಂದರು. ತಂದೆ ಕಾಫಿ ತರಿಸಿ ಮಾತು ತೇಲಿಸಿದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಉತ್ತರ ಗೊತ್ತಿತ್ತು, ಆದರೆ ನನ್ನನ್ನು ಯಾರೂ ಕೇಳಲಿಲ್ಲ. ನಾನು ನಕ್ಕ ಗಳಿಗೆಗೆ ಸರಿಯಾಗಿ ನೀವು ಚಕ್ಕುಲಿ ಕಚ್ಚಿದಿರಿ, ಅದು ಮುರಿದು ನಿಮ್ಮ ಕಾಫಿ ಲೋಟದೊಳಗೆ ಬಿತ್ತು. ಅದಕ್ಕೇ ನಕ್ಕಳು ಎಂದು ನೀವೆಲ್ಲ ತಿಳಿದಿರಬೇಕು. ದೇವರಾಣೆಗೂ ಅದಕ್ಕಲ್ಲ.

ನೆನಪು ಮಾಡಿಕೊಳ್ಳಿ. ಅದಕ್ಕೆ ಸ್ವಲ್ಪ ಮುಂಚೆ ನಿಮ್ಮ ತಾಯಿಯವರು, "ಹುಡುಗಿಗೆ ಸಿನಿಮಾ ಗಿನಿಮಾ ಹುಚ್ಚು ಇದೆಯಾ?" ಎಂದು ಕೇಳಿದರು. ನಮ್ಮ ತಂದೆ ಚಂದ್ರಶೇಖರಯ್ಯನವರು ಕಣ್ಣು ಮಿಟುಕಿಸದೆ, "ಛೆ ಛೆ, ನಮ್ಮ ಕೌಸಲ್ಯ ಟೆಂಟಿನ ಕಡೆ ತಲೆ ಹಾಕಿ ಮಲಗಿದವಳೂ ಅಲ್ಲ" ಎಂದರು. ಆಗ ಅಡುಗೆಮನೆಯಿಂದ ಸಣ್ಣದಾಗಿ ಒಂದು ಸದ್ದು ಬಂತು. ಟಕಟಕ್, ಟಕಟಕ್, ಟಕಟಕ್. ನಮ್ಮ ಅಜ್ಜಿ ಸುಂದರಮ್ಮ, ತಲೆಯ ಮೇಲೆ ಸೆರಗು ಹೊದ್ದು ಮಡಿಯಲ್ಲಿ ಕೂತಿರುವ ಅಜ್ಜಿ, ಎರಡು ತೆಂಗಿನ ಚಿಪ್ಪುಗಳನ್ನು ಒಂದಕ್ಕೊಂದು ತಟ್ಟಿ ಕುದುರೆ ಓಡಿಸುತ್ತಿದ್ದರು! ನಗದೆ ಏನು ಮಾಡಲಿ ಹೇಳಿ.

ಇಷ್ಟು ಹೇಳಿದ ಮೇಲೆ ಮಿಕ್ಕಿದ್ದನ್ನೂ ಹೇಳಲೇಬೇಕು. ನಾನು ಟೆಂಟಿಗೆ ಕಾಲಿಟ್ಟಿದ್ದೇನೆ. ಅಲ್ಲೇ ಬೆಳೆದೆ ಎಂದರೂ ನಡೆಯುತ್ತದೆ.

ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಶಿರಾ ಗೇಟಿನ ಆಚೆ ಬಯಲಿನಲ್ಲಿ ಒಂದು ಟೂರಿಂಗ್ ಟಾಕೀಸು ಬಂದು ಬಿಡಾರ ಹೂಡಿತ್ತು. ಸಂಜೆ ಕನ್ನಡ, ತೆಲುಗು, ತಮಿಳು ಪಿಕ್ಚರುಗಳು. ಭಾನುವಾರ ಬೆಳಿಗ್ಗೆ ಮಾತ್ರ ಇಂಗ್ಲಿಷ್ ಪಿಕ್ಚರು, ಅದರಲ್ಲೂ ಬರೀ ಕುದುರೆ ಪಿಕ್ಚರು. ದೊಡ್ಡ ಟೋಪಿ, ಸೊಂಟದಲ್ಲಿ ಪಿಸ್ತೂಲು, ಧೂಳು, ಗುಡ್ಡ, ಕುದುರೆ. ಊರಿನವರೆಲ್ಲ ಅದಕ್ಕೆ ಹಾಗೇ ಹೆಸರಿಟ್ಟಿದ್ದರು.

ಭಾನುವಾರ ಬೆಳಿಗ್ಗೆ ಅಜ್ಜಿಯೂ ನಾನೂ ದೇವಸ್ಥಾನದ ಪ್ರವಚನಕ್ಕೆ ಹೋಗುವುದು ವಾಡಿಕೆ. ಒಂದು ವಾರ ಪ್ರವಚನಕಾರರಿಗೆ ಜ್ವರ. ಹಿಂತಿರುಗುವಾಗ ಯಾರನ್ನೋ ನೋಡಲು ಶಿರಾ ಗೇಟಿನ ಕಡೆ ಹೋಗಿದ್ದೆವು. ಟೆಂಟಿನ ಹತ್ತಿರ ಬಂದಾಗ ಅಜ್ಜಿ ಗಕ್ಕನೆ ನಿಂತುಬಿಟ್ಟರು. ಒಳಗಿನಿಂದ ಗೊರಸಿನ ಸದ್ದು ಕೇಳುತ್ತಿತ್ತು.

"ಇದು ಜಟಕಾ ಕುದುರೆ ಅಲ್ಲ ಕಣೇ ಕೌಸೂ," ಎಂದರು. "ಇದು ಬಯಲಲ್ಲಿ ಬಿಟ್ಟು ಓಡೋ ಕುದುರೆ."

ಇಲ್ಲಿ ನಿಮಗೊಂದು ವಿಷಯ ತಿಳಿಸಬೇಕು. ಅಜ್ಜಿಯ ತವರು ನಿಮ್ಮ ಕುಣಿಗಲ್ಲೇ. ಅವರ ತಂದೆ ಅಲ್ಲಿನ ಕುದುರೆ ಫಾರಂನಲ್ಲಿ ಗುಮಾಸ್ತರಾಗಿದ್ದರು. ಅಜ್ಜಿ ಬೇಲಿಗೆ ನೇತುಬಿದ್ದು ಮರಿಗಳು ಓಡುವುದನ್ನು ನೋಡುತ್ತಾ ಬೆಳೆದವರು. ಎಳೆಯದರಲ್ಲೇ ಮದುವೆಯಾಗಿ ಬಂದರು, ಹೆತ್ತರು, ಗಂಡನನ್ನು ಕಳೆದುಕೊಂಡರು. ಅಷ್ಟೂ ವರ್ಷ ಅವರು ನೋಡಿದ್ದು ಗಾಡಿಗೆ ಕಟ್ಟಿದ ಕುದುರೆಗಳನ್ನು ಮಾತ್ರ. ಆವತ್ತು ಟೆಂಟಿನ ಹೊರಗೆ ನಿಂತು ಅವರು ಕಿವಿಗೊಟ್ಟ ರೀತಿಯನ್ನು ನಾನು ಮರೆಯಲಾರೆ. ಆಮೇಲೆ ನನ್ನ ಕೈ ಹಿಡಿದುಕೊಂಡು, ಪ್ರವಚನಕ್ಕೆ ಹೋದಷ್ಟೇ ಗಂಭೀರವಾಗಿ ಒಳಗೆ ನಡೆದರು.

ಹೆಂಗಸರ ಕಡೆ ನೆಲದ ಮೇಲೆ ಮರಳು, ಗಂಡಸರ ಕಡೆಗೂ ನಮಗೂ ನಡುವೆ ಒಂದು ಅಡ್ಡಪರದೆ. ಟೆಂಟಿನ ತೂತುಗಳಿಂದ ಬಿಸಿಲು ಸೋರಿ ಪಿಕ್ಚರಿನ ಆಕಾಶದಲ್ಲಿ ಹಗಲಲ್ಲೇ ನಕ್ಷತ್ರ ಬಿದ್ದಿದ್ದವು. ಆ ಬಂಡೆಗುಡ್ಡಗಳು ಥೇಟ್ ದೇವರಾಯನದುರ್ಗದ ದಾರಿಯ ಗುಡ್ಡಗಳ ಹಾಗೇ ಇದ್ದವು. ಆ ಸವಾರರು ಯಾವುದೋ ದೂರದೇಶದವರು ಎಂದು ನನಗೆ ಅನ್ನಿಸಲೇ ಇಲ್ಲ. ನಾಳೆ ಸಂತೆಗೆ ಬಂದು ಬೆಲ್ಲ ಕೊಂಡುಕೊಂಡು ಹೋಗುತ್ತಾರೆ ಎಂದೇ ಅಂದುಕೊಂಡಿದ್ದೆ.

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಜ್ಜಿಗೂ ಬರುತ್ತಿರಲಿಲ್ಲ. ಆದರೆ ಕಥೆ ಹೇಳಲು ಅಜ್ಜಿಗೆ ಅದು ಅಡ್ಡಿಯಾಗಲಿಲ್ಲ. "ಎದೆ ಮೇಲೆ ನಕ್ಷತ್ರ ಇಟ್ಕೊಂಡಿದಾನಲ್ಲ, ಅವನು ಅಮಲ್ದಾರ. ಪಾಪ, ಒಳ್ಳೆಯವನು, ಹೆಂಡತಿ ಸತ್ತಿದಾಳೆ. ಕರೀ ಟೋಪಿಯವನು ಅವನ ದಾಯಾದಿ. ಇಬ್ಬರಿಗೂ ಬಾವಿ ವಿಷಯಕ್ಕೆ ಜಗಳ." ಪಿಸ್ತೂಲು ಸಿಡಿದರೆ, "ಹೆದರ್ಕೋಬೇಡ, ಸತ್ತಿಲ್ಲ, ನಾಟಕ ಮಾಡ್ತಿದಾನೆ." ಗಂಡು ಹೆಣ್ಣು ಮುಖಕ್ಕೆ ಮುಖ ತಂದರೆ ನನ್ನ ಕಣ್ಣಿಗೆ ಸೆರಗು ಮುಚ್ಚಿ, "ಏನೋ ಗುಟ್ಟು ಹೇಳ್ಕೋತಿದಾರೆ, ನಮಗ್ಯಾಕೆ" ಎನ್ನುತ್ತಿದ್ದರು. ತಾವು ಮಾತ್ರ ನೋಡುತ್ತಿದ್ದರು.

ಮುಂದಿನ ವಾರ ಪ್ರವಚನಕಾರರ ಜ್ವರ ಬಿಟ್ಟಿತು. ನಮಗೆ ಬಿಡಲಿಲ್ಲ. ಮನೆಯಲ್ಲಿ ಪ್ರವಚನ ಎಂದು ಹೇಳಿ ಪ್ರತಿ ಭಾನುವಾರ ಟೆಂಟೇ. ಮನೆಗೆ ಬಂದೊಡನೆ ಅಜ್ಜಿ ತಲೆಗೆ ನೀರು ಹುಯ್ದುಕೊಂಡು ಒಳಗೆ ಹೋಗುತ್ತಿದ್ದರು, ಅಲ್ಲಿಗೆ ಮಡಿ ಸರಿಹೋಯಿತು. ಟೆಂಟಿನ ಮ್ಯಾನೇಜರ್ ಓಬಳಯ್ಯ ಮೊದಮೊದಲು, "ಅಜ್ಜೀ, ಮಾತಾಡ್ಬೇಡಿ, ಜನಕ್ಕೆ ತೊಂದ್ರೆ ಆಯ್ತದೆ" ಎಂದು ಗದರಿಸಲು ಬಂದ. ಅಷ್ಟರಲ್ಲಿ ಪರದೆಯ ಆಚೆಯಿಂದ ಒಬ್ಬ ಗಂಡಸು, "ಅಜ್ಜೀ, ವಸಿ ಜೋರಾಗಿ ಯೇಳಿ, ಇಲ್ಲಿಗೆ ಕೇಳಾಕಿಲ್ಲ!" ಎಂದು ಕೂಗಿದ. ಓಬಳಯ್ಯ ತಲೆ ಕೆರೆದುಕೊಂಡು ಹೋಗಿ ಅಜ್ಜಿಗೆ ಒಂದು ಕುರ್ಚಿ ತಂದು ಹಾಕಿದ. ಅಂದಿನಿಂದ ಅಜ್ಜಿ ಹೇಳಿದ್ದೇ ಕಥೆ. ಅವರು ಒಳ್ಳೆಯವನು ಎಂದರೆ ಇಡೀ ಟೆಂಟು ಅವನಿಗೆ ಶಿಳ್ಳೆ ಹಾಕುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಂದೆ ಮುಚ್ಚಿಟ್ಟಿದ್ದು ಇದನ್ನೇ.

ಅಜ್ಜಿಗೆ ಮಂಡಿನೋವು ಶುರುವಾದ ಮೇಲೆ ನಾವು ರಾಮಾಂಜಿನಯ್ಯ ಎಂಬವನ ಜಟಕಾದಲ್ಲಿ ಮನೆಗೆ ಬರುತ್ತಿದ್ದೆವು. ಅವನ ಕುದುರೆಯ ಹೆಸರು ರಾಣಿ. ಒಂದು ಭಾನುವಾರ ಪಿಕ್ಚರು ಬಿಟ್ಟ ಮೇಲೆ ಅಜ್ಜಿ ಹಿಂದೆ ಹತ್ತಿ ಕೂತರು. ರಾಮಾಂಜಿನಯ್ಯ ಎದುರಿನ ಅಂಗಡಿಯಲ್ಲಿ ಬೀಡಿ ಹಚ್ಚಿಕೊಳ್ಳುತ್ತಿದ್ದ. ನಾನು ಅವನ ಜಾಗದಲ್ಲಿ ಕೂತು, ಲಗಾಮು ಹಿಡಿದು, ಅಮಲ್ದಾರನ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಶಿರಾ ಗೇಟನ್ನು ನೋಡುತ್ತಿದ್ದೆ. ಆಗ ಪಕ್ಕದಲ್ಲೇ ನಿಂತಿದ್ದ ಲಾರಿಯ ಟೈರು ಢಂ ಎಂದು ಸಿಡಿಯಿತು.

ರಾಣಿ ಎರಡು ಕಾಲಿನ ಮೇಲೆ ಎದ್ದು ನಿಂತಿತು, ಮರುಗಳಿಗೆ ಕಿತ್ತುಕೊಂಡು ಓಡಿತು. "ಅಯ್ಯಯ್ಯೋ, ಹಿಡ್ಕಳ್ರಪ್ಪೋ!" ಎಂದು ರಾಮಾಂಜಿನಯ್ಯ ಕೂಗಿದ್ದು ಕೇಳಿಸಿತು, ಆಮೇಲೆ ಅದೂ ಕೇಳಿಸಲಿಲ್ಲ. ರಸ್ತೆಯ ತುಂಬ ಜನ. ಸೌತೆಕಾಯಿ ಬುಟ್ಟಿಯೊಂದು ಚಕ್ರಕ್ಕೆ ಸಿಕ್ಕಿ ಹಾರಿತು. ಹೆಂಗಸೊಬ್ಬಳು ಮಗುವನ್ನು ಬಾಚಿಕೊಂಡು ಪಕ್ಕಕ್ಕೆ ಹಾರಿದಳು. ಪಿಕ್ಚರಿನಲ್ಲಿ ಹೀಗಾದಾಗ ಟೋಪಿಯವನು ಮುಂದಕ್ಕೆ ನೆಗೆದು ಕುದುರೆಯ ಬೆನ್ನೇರುತ್ತಾನೆ. ನಾನೂ ಲಂಗ ಎತ್ತಿ ಕಟ್ಟಿ ಎದ್ದೆ. ಹಿಂದಿನಿಂದ ಅಜ್ಜಿ ನನ್ನ ಜಡೆ ಹಿಡಿದು ಎಳೆದು ಕೂರಿಸಿದರು.

"ಕೂತ್ಕೋ! ಕಿರುಚಬೇಡ, ಅದು ಇನ್ನೂ ಹೆದರತ್ತೆ. ಎಡಗೈ ಹಗ್ಗ ಎಳಿ. ಒಂದೇ ಸಲ ಜಗ್ಗಬೇಡ, ಬಿಟ್ಟುಬಿಟ್ಟು ಎಳಿ. ಕೆರೆ ಕಡೆ ತಿರುಗಿಸು."

ನನ್ನ ಅಂಗೈ ಸುಲಿದು ಹೋಗುತ್ತಿತ್ತು. ನಾನು ಅಳುತ್ತಿದ್ದೆ. ಆದರೆ ಅಜ್ಜಿಯ ದನಿ ಟೆಂಟಿನಲ್ಲಿ ಕಥೆ ಹೇಳುವಾಗ ಇದ್ದ ಹಾಗೇ ಇತ್ತು. ಹಾಗಾಗಿ ಹೇಳಿದ ಹಾಗೆ ಮಾಡಿದೆ. ಎಳೆದೆ, ಬಿಟ್ಟೆ, ಎಳೆದೆ. ರಾಣಿ ಕತ್ತು ತಿರುಗಿಸಿತು. ಜಟಕಾ ರಸ್ತೆ ಬಿಟ್ಟು ಅಮಾನಿಕೆರೆಯ ಅಂಗಳಕ್ಕೆ ಇಳಿಯಿತು. ಮೆತ್ತನೆಯ ಗೋಡುಮಣ್ಣಿನಲ್ಲಿ ಚಕ್ರ ಹೂತುಕೊಂಡಿತು, ಕುದುರೆ ಏದುಸಿರು ಬಿಡುತ್ತಾ ನಿಂತಿತು. ಅಜ್ಜಿ ಇಳಿದು ಹೋಗಿ, ಅದರ ಕತ್ತು ಸವರುತ್ತಾ, "ಆಯ್ತಮ್ಮ, ಆಯ್ತು, ಏನೂ ಇಲ್ಲ" ಎಂದರು.

ಗ್ರಹಚಾರಕ್ಕೆ ತಂದೆ ಅದೇ ರಸ್ತೆಯಲ್ಲಿ ಸೈಕಲ್ಲಿನಲ್ಲಿ ಬರುತ್ತಿದ್ದರು. ಎದುರಿಗೆ ಬಂದ ಜಟಕಾದಿಂದ ತಪ್ಪಿಸಿಕೊಳ್ಳಲು ಚರಂಡಿಗೆ ಹಾರಿ, ತಲೆ ಎತ್ತಿ ನೋಡಿದರೆ ಹೋಗುತ್ತಿರುವುದು ತಮ್ಮ ತಾಯಿ, ತಮ್ಮ ಮಗಳು. ಸೈಕಲ್ ಅಲ್ಲೇ ಬಿಟ್ಟು ಓಡಿ ಬಂದರು. ಎತ್ತಿಕೊಳ್ಳುವ ವಯಸ್ಸು ಮೀರಿದ್ದ ನನ್ನನ್ನು ಎತ್ತಿಕೊಂಡು ಬಹಳ ಹೊತ್ತು ಇಳಿಸಲೇ ಇಲ್ಲ.

"ನಿಮಗೆ ಏನಾದ್ರೂ ಆಗಿದ್ರೆ ಅಮ್ಮ?"

"ಆಗ್ಲಿಲ್ವಲ್ಲೋ ಚಂದ್ರು. ಹುಡುಗಿ ಕೈ ನೋಡು. ನೋವಾದ್ರೂ ಹಗ್ಗ ಬಿಡಲಿಲ್ಲ."

ಮನೆಯಲ್ಲಿ ಎಲ್ಲ ಹೊರಬಿತ್ತು. ತಂದೆ ಬೈಯಲಿಲ್ಲ. ಟೆಂಟು ಇಲ್ಲಿಗೆ ಸಾಕು ಎಂದರು, ಅಷ್ಟೆ. ಅಜ್ಜಿ ವಾದ ಮಾಡಲಿಲ್ಲ. ಭಾನುವಾರ ಬಂದರೆ ಪ್ರವಚನಕ್ಕೂ ಹೋಗದೆ ಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದರು. ಕೆಲವು ವಾರ ಹೀಗೇ ಕಳೆದವು. ಒಂದು ಭಾನುವಾರ ಬೆಳಿಗ್ಗೆ ತಂದೆ ಕೋಟು ಹಾಕಿಕೊಂಡು ನಡುಮನೆಯಲ್ಲಿ ನಿಂತು, "ಹೊರಡಿ ಅಮ್ಮ, ನಾನೂ ಬರ್ತೀನಿ" ಎಂದರು.

ಅವರು ಪರದೆಯ ಆಚೆ ಕೂತರು. ಅಜ್ಜಿ ಮೊದಲು ಸಂಕೋಚಪಟ್ಟು ಬಾಯಿ ಬಿಡಲಿಲ್ಲ. ಜನ ಕೂಗಾಡಿದರು. ಕೊನೆಗೆ ಶುರುಮಾಡಿದರು ನೋಡಿ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಗಂಡಸಿನ ದನಿ ನಮ್ಮ ತಂದೆಯದು! ತಂದೆ ಕೋರ್ಟಿನಲ್ಲಿ ಕೆಲಸದಲ್ಲಿರುವವರು, ಇಂಗ್ಲಿಷ್ ಚೆನ್ನಾಗಿ ಬಲ್ಲವರು. ವಾಪಸ್ಸು ಬರುವಾಗ ತಂದೆಯನ್ನು (ನಾನು ಅವರನ್ನು ಅಣ್ಣ ಎಂದೇ ಕರೆಯುವುದು), "ಅಣ್ಣಾ, ಅಜ್ಜಿ ಹೇಳಿದ ಕಥೆ ಸರಿಯಾಗಿತ್ತಾ?" ಎಂದು ಗುಟ್ಟಾಗಿ ಕೇಳಿದೆ. ಅವರು ಅಜ್ಜಿಯ ಕಡೆ ನೋಡಿ, "ನಮ್ಮಮ್ಮ ಹೇಳಿದ್ದೇ ಸರಿ" ಎಂದರು.

ಟೆಂಟು ಎರಡು ಬೇಸಿಗೆ ಇದ್ದು ಬೇರೆ ಊರಿಗೆ ಹೋಯಿತು. ನಾನು ಓದಿದೆ, ಈಗ ಹುಡುಗಿಯರ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೇನೆ. ಜಟಕಾದ ಕಥೆ ಮಾತ್ರ ಊರು ಬಿಟ್ಟು ಹೋಗಲಿಲ್ಲ. ಹೋದ ವರ್ಷ ತಿಪಟೂರಿನಿಂದ ಒಂದು ಸಂಬಂಧ ಬಂದಿತ್ತು. ಎಲ್ಲ ಕೂಡಿಬರುವ ಹೊತ್ತಿಗೆ ಯಾರೋ ಹೇಳಿದರಂತೆ, ಅವರು "ಓ, ಆ ಕುದುರೆ ಹುಡುಗಿಯೇ?" ಎಂದು ಎದ್ದುಹೋದರು. ಆ ರಾತ್ರಿ ತಂದೆ ಊಟ ಮಾಡಲಿಲ್ಲ. ನಿಮ್ಮ ಮುಂದೆ ಅವರು ಯಾಕೆ ಹಾಗೆ ಹೇಳಿದರು ಎಂದು ಈಗ ನಿಮಗೆ ಅರ್ಥವಾದೀತು. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಆದರೆ ನನ್ನ ಬಾಲ್ಯದ ಅತಿ ಒಳ್ಳೆಯ ಭಾಗವನ್ನು ಬಚ್ಚಿಟ್ಟು ಒಂದು ಮನೆಗೆ ಸೇರುವುದು ನನ್ನಿಂದ ಆಗದು. ಸೇರಿದ ಮೇಲೆ ಎಂದಾದರೂ ಒಂದು ದಿನ ಅಡುಗೆ ಮಾಡುತ್ತಾ ನಕ್ಕುಬಿಡುತ್ತೇನೆ, ಆಗ ನಿಮ್ಮ ತಾಯಿಯವರು ಮತ್ತೆ ಯಾಕೆ ಎಂದು ಕೇಳುತ್ತಾರೆ.

ಇದನ್ನು ಓದಿ ನೀವು ಬೇಡ ಎಂದರೆ ಒಂದು ಕಾರ್ಡು ಬರೆಯಿರಿ, ನಾವೇನೂ ತಪ್ಪು ತಿಳಿಯುವುದಿಲ್ಲ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ, ಸುಂದರಮ್ಮನವರ ಮೊಮ್ಮಗಳು,
ಕೌಸಲ್ಯ

ಮರೆತಿದ್ದು: ಈ ಕಾಗದವನ್ನು ಕದ್ದು ಹಾಕುವುದು ಬೇಡವೆನಿಸಿ ತಂದೆಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಹರಿದುಹಾಕುತ್ತಾರೆ ಎಂದೇ ಅಂದುಕೊಂಡೆ. ಆಮೇಲೆ, "ನೀನು ಮುಖ್ಯವಾದ್ದನ್ನೇ ಬರೆದಿಲ್ವಲ್ಲೇ. ಅವರು ಕೇಳ್ತಿರೋದು ಹುಡುಗನ್ನ ನೋಡಿ ನಕ್ಕೆಯಾ ಅಂತ. ಹುಡುಗ ಹೇಗೆ ಅಂತ ಒಂದು ಮಾತೂ ಇಲ್ಲ" ಎಂದರು. ಇದುವರೆಗೆ ಯಾರೂ ಕೇಳಿರಲಿಲ್ಲ, ಅದಕ್ಕೇ ಬರೆದಿರಲಿಲ್ಲ. ಈಗ ತಂದೆಯೇ ಕೇಳಿದ್ದರಿಂದ ಬರೆಯುತ್ತಿದ್ದೇನೆ. ನನಗೆ ಒಪ್ಪಿಗೆ. ಅಂಚೆಗೆ ಹಾಕಲು ತಂದೆ ಆಗಲೇ ಸೈಕಲ್ ಹೊರಗೆ ತೆಗೆದಿದ್ದಾರೆ, ಬೇಗ ಮುಗಿಸು ಎನ್ನುತ್ತಿದ್ದಾರೆ.