ವಿನ್ನಿಯನ್ನು ಯಾರು ಎಬ್ಬಿಸುತ್ತಾರೆ?

ನನ್ನ ಮುದ್ದು ಜಗಳಗಂಟಿ ವಿನ್ನಿ,

ಸುದ್ದಿ ತಿಳಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಸೇಂಟ್ ಜಾನ್ಸ್ ಊರಿನ ಆ ಹಳದಿ ಮರದ ಮನೆಯನ್ನು ನೀನೇ ಕೊಂಡೆಯಂತೆ! ಓದುವಾಗ ನಾವು ಬಾಡಿಗೆಗಿದ್ದ ಮನೆಗೆ ಈಗ ನೀನೇ ಒಡತಿ, ಈ ಸೆಪ್ಟೆಂಬರಿಗೆ ವಿದ್ಯಾರ್ಥಿಗಳನ್ನೂ ಇಟ್ಟುಕೊಳ್ಳುತ್ತೀಯಂತೆ. ಆಗ ಮನೆಯ ಮಾಲೀಕರಾಗಿದ್ದ ಆಂಬ್ರೋಸ್ ಯಜಮಾನರು ಇದ್ದಿದ್ದರೆ ಬೀದಿಯಲ್ಲಿ ನಿಂತು ಅಕಾರ್ಡಿಯನ್ ಬಾರಿಸುತ್ತಿದ್ದರು. ನನ್ನದೊಂದು ಬೇಡಿಕೆ ಇದೆ. ಕೊನೆಗೆ ಹೇಳುತ್ತೇನೆ, ಮೊದಲೇ ಹೇಳಿದರೆ ಮಿಕ್ಕದ್ದನ್ನು ಓದದೆ ಮಡಚಿಡುವವಳು ನೀನು.

ನೀನು ಬಂದ ದಿನ ನೆನಪಿದೆಯಾ? ಹುಟ್ಟಿನಿಂದ ಕಿವಿ ಕೇಳದ ಹುಡುಗಿ ಎಂದು ಗೊತ್ತಾದ ಕೂಡಲೇ ಯಜಮಾನರ ಮುಖ ಸಪ್ಪಗಾಯಿತು. ನನ್ನನ್ನೂ ನಮ್ಮ ಜೊತೆಗಿದ್ದ ಗಸ್‌ನನ್ನೂ ಅಡುಗೆಮನೆಗೆ ಕರೆದು, “ಒಳ್ಳೆ ಹುಡುಗಿ ಕಣ್ರಪ್ಪಾ, ಬೇಡ ಅನ್ನಕ್ಕೆ ಮನಸಿಲ್ಲ. ಆದ್ರೆ ಇದು ಮರದ ಮನೆ. ಬೆಂಕಿ ಬಿದ್ರೆ ಅಲಾರಂ ಬಡ್ಕೊಳ್ಳತ್ತೆ, ಇವಳಿಗೆ ಕೇಳಲ್ಲ. ಇವಳನ್ನ ಯಾರು ಎಬ್ಬಿಸ್ತಾರೆ? ನೀವಾ? ನೀವೇ ಮಧ್ಯಾಹ್ನಕ್ಕೆ ಏಳೋ ಜನ!” ಅಂದರು. ಗಾಜಿನ ಬಾಗಿಲಿನ ಆಚೆ ನಿಂತಿದ್ದ ನೀನು ಅವರ ತುಟಿ ಓದಿಬಿಟ್ಟಿದ್ದೆ. ಸೀದಾ ಒಳಗೆ ಬಂದು ನಿನ್ನ ಆ ಒರಟು ದನಿಯಲ್ಲಿ, “ನಾನೇ ಏಳ್ತೀನಿ. ದೀಪ ತರ್ತೀನಿ” ಎಂದೆ. ಯಜಮಾನರು ಕ್ರಿಸ್‌ಮಸ್ ತನಕ ನೋಡೋಣ ಎಂದು ತಲೆ ಕೆರೆದುಕೊಂಡರು. ಎಷ್ಟೋ ಮನೆಯವರು ಆಗಲೇ ನಿನಗೆ ಇದೇ ಮಾತು ಹೇಳಿ ಬಾಗಿಲು ಹಾಕಿದ್ದರು. ಇಲ್ಲಿಯೂ ಆಗದಿದ್ದರೆ ಓದು ಬಿಟ್ಟು ದ್ವೀಪದ ನಿನ್ನ ಹಳ್ಳಿಗೆ ವಾಪಸ್ಸು ಹೋಗಬೇಕಿತ್ತು.

ದೀಪ ತಂದೆ, ಸರಿ. ಅಲಾರಂ ಕೂಗಿದರೆ ಪ್ರತಿ ಕೋಣೆಯಲ್ಲೂ ಮಿನುಗುವ ಬಿಳಿ ದೀಪ, ನಿನ್ನ ದಿಂಬಿನ ಕೆಳಗೆ ಗಡಗಡ ನಡುಗುವ ಒಂದು ಡಬ್ಬಿ. ಆದರೆ ನಮ್ಮ ಪ್ರಾಣ ತಿನ್ನುತ್ತೀಯೆಂದು ಯಾರಿಗೆ ಗೊತ್ತಿತ್ತು? ಶನಿವಾರ ಬಂತೆಂದರೆ ಗುಂಡಿ ಒತ್ತಿ ದೀಪ ಮಿನುಗಿಸುತ್ತಿದ್ದೆ. ನಾವು ಎದ್ದುಬಿದ್ದು ಎದುರುಮನೆಯ ಕೆಂಪು ಗೇಟಿಗೆ ಓಡಬೇಕು, ನೀನು ತಲೆ ಎಣಿಸಬೇಕು, ಕೊನೆಗೆ ಬಂದವರು ಎಲ್ಲರಿಗೂ ನಾದಿದ ಹಿಟ್ಟು ಕರಿದು ಕಾಕಂಬಿ ಸುರಿದು ಬಡಿಸಬೇಕು. ಮೆಟ್ಟಿಲ ಮೇಲಿದ್ದ ಗಸ್‌ನ ಸೈಕಲ್ಲನ್ನು ಹಿಮಕ್ಕೆ ಎಸೆದೆ. ಬಾಗಿಲು ತೆರೆದಿಟ್ಟು ಕೋಣೆ ಬಿಟ್ಟರೆ ಬೆನ್ನಿಗೆ ಗುದ್ದು. “ಇದೇನ್ ಮನೇನಾ, ಮಿಲಿಟರಿನಾ?” ಎಂದು ಅವನು ಗೊಣಗಿದರೆ, ನೀನು ಬೇಕೆಂದೇ ಅವನ ತುಟಿಯ ಕಡೆ ನೋಡುತ್ತಿರಲಿಲ್ಲ. ಅವನ ಒದ್ದೆ ಉಣ್ಣೆ ಕಾಲುಚೀಲ ಹೀಟರಿನ ಮೇಲೆ ಕಂಡರಂತೂ ನೀನು ಚಂಡಿ. “ಈ ಊರಿನ ಮಂಜಲ್ಲಿ ಮತ್ತೆಲ್ಲಿ ಒಣಗಸ್ಲಿ ತಾಯಿ, ನಿನ್ನ ತಲೆ ಮೇಲಾ?” ಎನ್ನುತ್ತಿದ್ದ ಪಾಪಿ.

ಡಿಸೆಂಬರಿನ ಆ ಭಾನುವಾರ ಮಧ್ಯಾಹ್ನ. ಬೀದಿಯ ಅರ್ಧ ಜನ ನಮ್ಮ ಅಡುಗೆಮನೆಯಲ್ಲೇ. ಯಜಮಾನರು ಅಕಾರ್ಡಿಯನ್ ಹಿಗ್ಗಿಸಿ ಕುಗ್ಗಿಸಿ ಬಾರಿಸುತ್ತಿದ್ದಾರೆ, ಯಾರೋ ಚಮಚ ಕುಟ್ಟುತ್ತಿದ್ದಾರೆ, ಬೂಟುಗಾಲುಗಳಿಗೆ ಹಲಗೆ ಅದುರುತ್ತಿದೆ. ಆ ಅದುರನ್ನೇ ತಾಳ ಮಾಡಿಕೊಂಡು ನೀನು ಬರಿಗಾಲಲ್ಲಿ ಕುಣಿಯುತ್ತಿದ್ದೆ. ಮಹಡಿಯ ಮೇಲೆ ಅಲಾರಂ ಬಡಿದುಕೊಳ್ಳುತ್ತಿತ್ತು ವಿನ್ನಿ, ಕಿವಿಯಿದ್ದ ನಮಗೆ ಒಬ್ಬರಿಗೂ ಕೇಳಿಸಲಿಲ್ಲ. ಫ್ರಿಜ್ಜಿನ ಮೇಲಿನ ದೀಪ ಮಿನುಗಿದ್ದನ್ನು ಕಂಡವಳು ನೀನು. ಯಜಮಾನರ ಅಕಾರ್ಡಿಯನ್ ಪಟ್ಟಿಗೇ ಕೈಹಾಕಿ ಬಾಗಿಲ ಕಡೆಗೆ ಎಳೆದೆ. “ಏಯ್, ಹಾಡು ಮುಗೀಲಿ ಕಣೇ!” ಎಂದರು ಅವರು. “ಬೆಂಕಿ!” ಎಂದು ನೀನು ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಕೆಂಪು ಗೇಟಿನ ಹತ್ತಿರ ಎಲ್ಲರನ್ನೂ ಎಣಿಸಿದೆ. ಟೋಪಿ ಮರೆತೆ ಎಂದು ಯಜಮಾನರು ಹಿಂದಿರುಗಿದಾಗ ಎರಡೂ ಕೈ ಚಾಚಿ ಅಡ್ಡ ನಿಂತೆ, ಪುಣ್ಯಾತ್ಗಿತ್ತಿ. ಅಗ್ನಿಶಾಮಕದವರು ಬಂದು ಆರಿಸಿದರು. ನೀನು ಗುದ್ದಿ ಗುದ್ದಿ ಮುಚ್ಚಿಸುತ್ತಿದ್ದ ಬಾಗಿಲು ಅಂದೂ ಮುಚ್ಚಿತ್ತು, ಹಾಗಾಗಿ ಗಸ್‌ನ ಕೋಣೆಯೊಂದೇ ಸುಟ್ಟಿತು, ಅವನ ಕಾಲುಚೀಲದಿಂದಲೇ. ಅವನು ಹಿಮದಲ್ಲಿ ಬರಿಗಾಲಲ್ಲಿ ಪೆಚ್ಚಾಗಿ ನಿಂತಿದ್ದ. ಯಜಮಾನರು ನಿನ್ನನ್ನು ಬಾಚಿ ತಬ್ಬಿಕೊಂಡರು. ನಡುವೆ ಸಿಕ್ಕ ಅಕಾರ್ಡಿಯನ್ ಎಮ್ಮೆಯಂತೆ ಕೂಗಿತು, ಅಳುತ್ತಿದ್ದವರೆಲ್ಲ ನಕ್ಕುಬಿಟ್ಟೆವು. ಅವರು ನಿನಗೆ ತುಟಿ ಕಾಣುವಂತೆ ಮುಖ ಎದುರಿಗಿಟ್ಟು, “ನಮಗೆ ಕಿವಿ ಇದ್ದು ಏನ್ ಉದ್ಧಾರ ಆಯ್ತು ಮಗಳೇ! ಕ್ರಿಸ್‌ಮಸ್ ಅಂದಿದ್ದನ್ನ ಮರ್ತುಬಿಡು. ಬೇಕಾದಷ್ಟು ವರ್ಷ ಇರು” ಅಂದರು. ಆ ಹೊತ್ತಿನಷ್ಟು ಖುಷಿ ನನ್ನ ಮದುವೆಯ ದಿನವೂ ಆಗಲಿಲ್ಲ, ನನ್ನ ಗಂಡನಿಗೆ ಹೇಳಬೇಡ.

ಈಗ ಬೇಡಿಕೆ. ನನ್ನ ಮಗಳು ಟೆಸ್ಸಾ ಓದಲು ಅಲ್ಲಿಗೇ ಬರುತ್ತಿದ್ದಾಳೆ. ಮಹಡಿಯ ಹಿಂದಿನ ಕೋಣೆ ಅವಳಿಗೆ ಕೊಡು. ನಿನ್ನ ವಿಷಯ ಹೇಳಿದಾಗ ಅವಳು ಕೇಳಿದ ಮೊದಲ ಮಾತು, “ಅಮ್ಮಾ, ಅವರಿಗೆ ಕಿವಿ ಕೇಳಲ್ವಲ್ಲ, ಬೆಂಕಿಗಿಂಕಿ ಬಿದ್ರೆ ಅವರನ್ನ ನಾನೇ ಎಬ್ಬಿಸ್ಬೇಕಾ?” ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹುಡುಗಿ ನನ್ನ ಹಾಗೇ, ಮಲಗಿದರೆ ಕುಂಭಕರ್ಣ. ಶನಿವಾರ ಓಡಿಸು, ಬೆನ್ನಿಗೆ ಗುದ್ದು, ಕಾಲುಚೀಲ ಕಿತ್ತು ಬಿಸಾಡು. ನಿನ್ನ ಮನೆಯಲ್ಲಿದ್ದಾಳೆ ಎಂದರೆ ಇಲ್ಲಿ ಗ್ಯಾಂಡರಿನಲ್ಲಿ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ. ಅವಳನ್ನು ನೀನು ಎಬ್ಬಿಸು, ವಿನ್ನಿ.

ನಿನ್ನ ಮನೆ ತುಂಬಿರಲಿ, ಆ ದೀಪಗಳು ಶನಿವಾರ ಮಾತ್ರ ಮಿನುಗಲಿ.

ಗೇಟಿಗೆ ಯಾವಾಗಲೂ ಕೊನೆಗೆ ಬರುತ್ತಿದ್ದ,
ನಿನ್ನ ನೋರೀನ್