ಮೂಳೆ ಕೂರುವ ತನಕ

ಹೊನ್ನೂರು,
ಬುಧವಾರ, 22-1-2025

ಪ್ರೀತಿಯ ಕೂಸೇ ಸಿಂಧು,

ಹೇಗಿದ್ದೀಯವ್ವ? ನಿನ್ನ ಕಡೆ ಹಿಮ ಬೀಳುತ್ತಿದೆ ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಕಾಲುಚೀಲ ಎರಡೆರಡು ಹಾಕಿಕೊಳ್ಳುತ್ತೀಯೋ, ಇಲ್ಲ ಇಲ್ಲಿ ಗದ್ದೆ ಬದುವಿನ ಮೇಲೆ ಓಡುತ್ತಿದ್ದ ಹಾಗೆ ಬರಿಗಾಲಲ್ಲೇ ಗಡಿ ಕಾಯುತ್ತೀಯೋ? ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊ, ಚಳಿಗೆ ಒಡೆದರೆ ಬಂದೂಕು ಹಿಡಿಯಲು ಆಗುವುದಿಲ್ಲ. ನಿನ್ನ ಪೋಸ್ಟಿಗೆ ಫೋನ್ ಸಿಗದಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಫೋನಾಗಿದ್ದರೆ ಊಟ ಆಯ್ತಾ, ನಿದ್ದೆ ಬಂತಾ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಅಂಗನವಾಡಿಯ ಮಕ್ಕಳು ಮಲಗಿವೆ, ಅವು ಏಳುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ನೀನು ರಜೆ ಮುಗಿಸಿ ಹೊರಟಾಗ ನಿಮ್ಮಪ್ಪನ ಮುಖ ಊದಿ ಕುಂಬಳಕಾಯಿ ಆಗಿತ್ತಲ್ಲ, ಆ ಊತ ವಾರದಲ್ಲೇ ಇಳಿಯಿತು. ಆ ಹಲ್ಲಿನ ಚಿಕಿತ್ಸೆಗೆ ಕಾರಣ ನೀನೇ ಎಂದು ಈಗಲೂ ಹೇಳುತ್ತಿರುತ್ತಾರೆ. ಪುಟ್ಟಮಾದಪ್ಪನ ಮನೆಯ ತಿಥಿಯಲ್ಲಿ ಶಂಖ ಊದುವಾಗ ಕಟ್ಟಿಸಿದ ಹಲ್ಲಿನ ಸೆಟ್ಟು ಹಾರಿ ಎಡೆಯ ಮೇಲೆ ಬಿದ್ದಿದ್ದು ಊರಿಗೆಲ್ಲ ಗೊತ್ತು. ನೀನು ಬಿಟ್ಟಿದ್ದರೆ ತಾನೆ, ತಿರುಪು ಹಾಕಿ ಗಟ್ಟಿಯಾಗಿ ಕೂರಿಸುವ ಹಲ್ಲೇ ಆಗಬೇಕು ಎಂದು ಹಟ ಹಿಡಿದು ಮೈಸೂರಿಗೆ ಕರೆದುಕೊಂಡು ಹೋದೆ. ಹಲ್ಲು ಹೋಗಿ ಬಹಳ ವರ್ಷವಾಗಿ ಮೇಲ್ದವಡೆಯ ಮೂಳೆಯೇ ಸವೆದಿದೆ, ತಿರುಪು ನಿಲ್ಲಲು ಜಾಗವಿಲ್ಲ ಎಂದು ಡಾಕ್ಟರು ಕೆಳದವಡೆಯ ಮೂಲೆಯಿಂದ ಮೂಳೆ ಕೆತ್ತಿ ಮೇಲೆ ಕೂರಿಸಿದರು. ಅದು ಕಚ್ಚಿಕೊಳ್ಳುವ ತನಕ ಮೂಗು ಸೀಟಬಾರದು, ಬಾಯಿ ಮುಚ್ಚಿ ಸೀನಬಾರದು, ಶಂಖವನ್ನಂತೂ ಮುಟ್ಟಲೇಬಾರದು. ಉಸಿರಿನ ಒತ್ತಡಕ್ಕೆ ಒಳಗಿನ ಪೊರೆ ಹರಿದರೆ ಹಾಕಿದ ಮೂಳೆ ಹಾಳು, ಬಾಯಿಂದ ಮೂಗಿಗೆ ತೂತು. ಸಂಕ್ರಾಂತಿ ಹೊತ್ತಿಗೆ ಕೂರುತ್ತದೆ ಎಂದಿದ್ದರು.

ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದ ಮನುಷ್ಯ ಈ ಮಾತನ್ನು ಕೇಳಿದರು. ಸೀನು ಬರುತ್ತದೆಂದು ನಾನು ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವುದನ್ನೇ ಬಿಟ್ಟೆ. ಒಲೆಯ ಊದುಕೊಳವೆಯನ್ನು ಅಟ್ಟದ ಮೇಲೆ ಎಸೆದೆ. ಬೀಡಿ ಬಿಟ್ಟಿದ್ದೇನೆ ಎನ್ನುತ್ತಾರೆ, ಅದನ್ನು ಮಾತ್ರ ಹಿತ್ತಲಿನ ತೆಂಗಿನ ಮರವನ್ನು ಕೇಳಬೇಕು. ಶ್ರಾವಣ ಶನಿವಾರಗಳಲ್ಲಿ ಬರೀ ಜಾಗಟೆ ಬಡಿದುಕೊಂಡು ಮನೆಮನೆಗೆ ಹೋಗಿ ಬಂದರು. ಸಾವಾದ ಮನೆಯವರು ಬಾಗಿಲಿಗೆ ಬಂದರೆ ಅಗರದ ದಾಸಯ್ಯ ಚಿಕ್ಕಸಿದ್ದಯ್ಯನ ಹತ್ತಿರ ಕಳುಹಿಸುತ್ತಿದ್ದರು. ದಾಸಯ್ಯನಾಗಿ ಹುಟ್ಟಿ ಊರಿನ ಹೆಣಕ್ಕೆ ಶಂಖ ಊದದೆ ಕೂರುವುದೆಂದರೆ ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ಇನ್ನು ಅಜ್ಜಿಯ ವಿಷಯ. ಗೌರಿ ಹಬ್ಬದಲ್ಲಿ ಬಚ್ಚಲಲ್ಲಿ ಜಾರಿದರು, ಈಗ ಸುಧಾರಿಸುತ್ತಿದ್ದಾರೆ ಎಂದು ಬರೆದಿದ್ದೆ. ಅದು ಸುಳ್ಳು. ಸೊಂಟದ ಮೂಳೆ ಮುರಿದಿತ್ತು. ಈ ವಯಸ್ಸಿಗೆ, ಈ ಹೃದಯಕ್ಕೆ ಆಪರೇಷನ್ ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು ಡಾಕ್ಟರು. ದೀಪಾವಳಿ ದಾಟುವುದಿಲ್ಲ ಎಂದು ನೋಡಲು ಬಂದವರೆಲ್ಲ ಗುಟ್ಟಾಗಿ ಹೇಳಿಕೊಂಡು ಹೋದರು. ಅಜ್ಜಿ ದಾಟಿದರು. ಯಾಕೆಂದರೆ ನಿಮ್ಮ ತಾತ ಸತ್ತಾಗ ಶಂಖ ಊದಿದ್ದು ನಿಮ್ಮಪ್ಪ, ತನಗೂ ಅದೇ ಶಂಖ, ಅದೇ ಉಸಿರು ಬೇಕು ಎಂಬುದು ಅವರ ಆಸೆ. ಚಿಕ್ಕಸಿದ್ದಯ್ಯನ ಹೆಸರೆತ್ತಿದರೆ, “ಬ್ಯಾರೇರ್ ಶಂಖಕ್ಕೆ ನಾನ್ ಎದ್ದೋಗಕಿಲ್ಲ ಕಣ್ಲಾ ರಂಗ. ನಿನ್ ಮೂಳೆ ಕೂತ್ಕಳ್ಳಿ, ಅಲ್ಲೀಗಂಟ ಇರ್ತೀನಿ” ಎಂದು ನಿಮ್ಮಪ್ಪನ ಕೈ ಹಿಡಿದು ಹೇಳಿದರು. ಮಾತ್ರೆ ಕಂಡರೆ ಮುಖ ತಿರುಗಿಸುತ್ತಿದ್ದವರು ಅವತ್ತಿನಿಂದ ತಾವೇ ಕೇಳಿ ತೆಗೆದುಕೊಂಡರು. ರಾಗಿ ಗಂಜಿಯನ್ನು ಕಣ್ಣು ಮುಚ್ಚಿ ನುಂಗಿದರು. ಬೆಳಗಾದರೆ ನಿಮ್ಮಪ್ಪ ಹಾಸಿಗೆಯ ಪಕ್ಕ ಕೂತು ಬಾಯಿ ತೆರೆಯಬೇಕು, ಅಜ್ಜಿ ಬೆರಳು ಹಾಕಿ ವಸಡು ಸವರಿ ನೋಡಬೇಕು. ಮೊದಮೊದಲು ನನಗೆ ನಗು ಬರುತ್ತಿತ್ತು.

ಆಮೇಲಾಮೇಲೆ ನಗು ಬರಲಿಲ್ಲ. ಮಲಗಿ ಮಲಗಿ ಆದ ಬೆನ್ನಿನ ಹುಣ್ಣು ಒಳಗೆ ಮೂಳೆ ಕಾಣುವಷ್ಟು ಆಳಕ್ಕೆ ಹೋಯಿತು. ಮಗ್ಗುಲು ಬದಲಿಸುವಾಗ ಅಜ್ಜಿ ಕೂಗಿದ್ದು ಬೀದಿಯವರೆಗೆ ಕೇಳುತ್ತದೆ. ನಾನು ಅಂಗನವಾಡಿಯಲ್ಲಿ ಎತ್ತಿಕೊಳ್ಳುವ ಮಕ್ಕಳಿಗಿಂತ ಹಗುರ ಆಗಿದ್ದಾರೆ. ಅಷ್ಟಾದರೂ ಸಂಕ್ರಾಂತಿಯ ದಿನ ಎಳ್ಳುಬೆಲ್ಲ ನಾಲಿಗೆಗೆ ಸೋಕಿಸಿದ ಕೂಡಲೇ, “ಅಬ್ಬ ಆಯ್ತಲ್ಲ, ಓಗ್ ತೋರ್ಸ್ಕಂಡ್ ಬಾ” ಎಂದರು.

ಹಬ್ಬದ ಮಾರನೆಯ ದಿನ ಹೋದೆವು. ಡಾಕ್ಟರು ಸ್ಕ್ಯಾನ್ ತೋರಿಸಿದರು. ಸಕ್ಕರೆ ಕಾಯಿಲೆಯಿಂದಲೋ ಏನೋ, ಹಾಕಿದ ಮೂಳೆ ಅಲ್ಲಲ್ಲಿ ಕರಗಿದೆ, ಉಳಿದದ್ದು ಇನ್ನೂ ಹಸಿಯಾಗಿದೆ. ಬರುವ ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ ಎಂದರು. ಈಗಲೇ ಊದಿದರೆ ಏನಾಗುತ್ತೆ ಎಂದು ನಿಮ್ಮಪ್ಪ ಕೇಳಿದ್ದಕ್ಕೆ, ಇದುವರೆಗೆ ಮಾಡಿದ್ದೆಲ್ಲ ಹೋಗುತ್ತದೆ, ಮತ್ತೆ ಕೂರಿಸಲು ನಿಮ್ಮ ದವಡೆಯಲ್ಲಿ ಏನೂ ಉಳಿದಿರುವುದಿಲ್ಲ ಎಂದರು. ಬಸ್ಸು ನರಸೀಪುರ ದಾಟಿದ ಮೇಲೆ ನಿಮ್ಮಪ್ಪ, “ಅವ್ವಂಗೆ ಏನೂ ಏಳ್ಬ್ಯಾಡ. ರಿಪೋಟ್ ಬಂದಿಲ್ಲ ಅನ್ನು. ಕಾಯ್ತಾ ಇರ್ಲಿ. ಕಾಯ್ತಾ ಇದ್ರೆ ಇರ್ತಾಳೆ” ಎಂದು ಕಿಟಕಿ ಕಡೆ ತಿರುಗಿದರು. ಅಳುತ್ತಿದ್ದರು. ಅತ್ತರೂ ಮೂಗು ಸೀಟುವ ಹಾಗಿಲ್ಲ, ನಾನೇ ಸೆರಗಿನಲ್ಲಿ ಒರೆಸಿದೆ. ಒರೆಸುತ್ತಲೇ ನನಗೆ ಅವರ ಮೇಲೆ ಕೋಪ ಬಂತು. ಮಳೆಗಾಲ ಕಳೆಯುವ ತನಕ ಆ ಜೀವವನ್ನು ಹಾಗೆಯೇ ಇಟ್ಟುಕೊಳ್ಳಬೇಕಂತೆ. ಅವರು ಮಗ, ಅವರಿಗೆ ತಾಯಿ ಬೇಕು. ಹುಣ್ಣು ತೊಳೆಯುವವಳು ನಾನು.

ಮಕ್ಕಳು ಏಳುತ್ತಿವೆ. ಇಲ್ಲಿ ಕಬ್ಬು ಕಡಿಯುವ ಕೆಲಸ ನಡೆದಿದೆ. ನಿನ್ನ ಮಲ್ಲಿಗೆ ಬಳ್ಳಿ ಚಳಿಗೆ ಒಣಗಿದೆ, ಬೇರು ಹಸಿಯಾಗಿದೆ, ಚಿಗುರುತ್ತದೆ. ಜೊತೆಯ ಹುಡುಗಿಯರಿಗೆಲ್ಲ ನಾನು ಕೇಳಿದೆ ಎಂದು ಹೇಳು. ಬಿಳಿಗಿರಿರಂಗ ನಿನ್ನ ಬೆನ್ನಿಗಿರಲಿ, ನೂರು ಕಾಲ ಬಾಳವ್ವ.

ಇಂತಿ ನಿನ್ನ ಅವ್ವ,
ಕೆಂಪಾಜಮ್ಮ

ತಾ.ಕ.: ಅಷ್ಟೆಲ್ಲ ಬರೆದೂ ಒಂದನ್ನು ಬಿಟ್ಟಿದ್ದೆ. ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೊನ್ನೆ ಬೆಳಿಗ್ಗೆ ನಿಮ್ಮಪ್ಪ ಗದ್ದೆಗೆ ಹೋಗಿದ್ದರು. ನಾನು ಹುಣ್ಣು ತೊಳೆಯುತ್ತಿದ್ದೆ. ಅಜ್ಜಿ ಕೂಗಲಿಲ್ಲ, ನನ್ನ ಮಣಿಕಟ್ಟು ಹಿಡಿದು, “ಕೆಂಪಾಜಿ, ಮೂಳೆ ಕೂತಂತಾ?” ಎಂದು ಕೇಳಿದರು. ಕೂತದೆ ಅತ್ತೆ, ಇನ್ ಊದ್ಬೋದಂತೆ ಎಂದುಬಿಟ್ಟೆ. “ಅಂಗಾರೆ ಸರಿ ಬುಡವ್ವ” ಎಂದು ನನ್ನ ಕೆನ್ನೆ ಸವರಿದರು. ಅವತ್ತು ಮಧ್ಯಾಹ್ನದಿಂದ ಗಂಜಿಗೆ ಬಾಯಿ ತೆರೆಯುತ್ತಿಲ್ಲ. ಮುಖ ಶಾಂತವಾಗಿದೆ. ನಿಮ್ಮಪ್ಪ ಚಳಿಗೆ ಹಸಿವು ಸತ್ತಿರಬೇಕು ಎಂದುಕೊಂಡು ಚಮಚ ಹಿಡಿದು ಪಕ್ಕದಲ್ಲೇ ಕೂತಿದ್ದಾರೆ, “ಯಾಕ್ಲೇ ಕೆಂಪಾಜಿ ಅವ್ವ ಕುಡೀತಿಲ್ಲ?” ಎಂದು ನನ್ನನ್ನೇ ಕೇಳುತ್ತಾರೆ. ಆ ದಿನ ಬಂದರೆ ಅವರು ಊದುತ್ತಾರೆ, ಯಾರು ಹಿಡಿದರೂ ನಿಲ್ಲುವುದಿಲ್ಲ, ಇದ್ದ ಮೂಳೆಯೂ ಹೋಗುತ್ತದೆ. ಅದು ಗೊತ್ತಿದ್ದೇ ಶಂಖ ತೊಳೆದು ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಮೂಳೆ ಕೂತಿಲ್ಲ ಎಂದು ನಾನು ಒಂದು ಮಾತು ಹೇಳಿದರೆ ಅಜ್ಜಿ ಮತ್ತೆ ಬಾಯಿ ತೆರೆಯುತ್ತಾರೆ. ನಾನು ಹೇಳುತ್ತಿಲ್ಲ ಕೂಸೇ. ರಜೆ ಸಿಕ್ಕರೆ ಹೊರಟು ಬಾ.