ಸೊಲ್ಲು ಹಿಡಿದ ದನಿ

ಮಟಕಿ, ತಾ॥ ಆಳಂದ
12-6-2025

ಚಿರಂಜೀವಿ ಮೈತ್ರಿಗೆ,

ನಿನ್ನ ಆಯಿ ಸಾಬವ್ವನ ಜೈಭೀಮ, ಮತ್ತು ತಲೆ ನೇವರಿಸಿ ಹೇಳುವ ಆಶೀರ್ವಾದ. ಇಲ್ಲಿ ನಾನಿದ್ದೇನೆ, ಆಡು ಇದೆ, ಮೊಣಕಾಲು ನೋವೂ ಇದೆ. ಮೂವರೂ ಒಬ್ಬರನ್ನೊಬ್ಬರು ಬಿಟ್ಟು ಎಲ್ಲಿಗೂ ಹೋಗಿಲ್ಲ. ನೀನು ಹೋಗಿ ಇಪ್ಪತ್ತೆರಡು ದಿನವಾಯಿತು. ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಬೇಜಾರು ಮಾಡಿಕೊಳ್ಳಬೇಡ. ಮೊದಲ ವಾರ ಸಿಟ್ಟಿನಲ್ಲಿದ್ದೆ. ಎರಡನೆಯ ವಾರ ನೀನು ಫೋನ್ ಎತ್ತುತ್ತೀಯೆಂದು ಕಾದೆ. ಮೂರನೆಯ ವಾರ ಪೆನ್ನು ಹುಡುಕಿದೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಒತ್ತಕ್ಷರ ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಸೋಮವಾರ ನಿನ್ನಪ್ಪ ದೇವಾನಂದ ಅವರು ಜೇವರ್ಗಿಯಿಂದ ಫೋನ್ ಮಾಡಿದ್ದರು. "ಅತ್ತಿ, ಹುಡುಗಿ ಮಾತೇ ಆಡವಲ್ಲಳ್ರಿ. ಲ್ಯಾಪ್‌ಟಾಪ್ ಚೀಲದಾಗ ಹಾಕಿ ಅಟ್ಟದ ಮ್ಯಾಲ ಇಟ್ಟಾಳ. ಹೆಡ್‌ಫೋನ್ ಯಾರಿಗೋ ಕೊಟ್ಟು ಬಂದಾಳ. ನೀವರ ಏನರ ಹೇಳ್ರಿ," ಎಂದರು. ಶಾಲೆಯಲ್ಲಿ ನೂರು ಮಕ್ಕಳಿಗೆ ಪಾಠ ಹೇಳುವವರಿಗೆ ಒಬ್ಬ ಮಗಳಿಗೆ ಹೇಳಲು ನಾನು ಬೇಕು. "ನಾ ಹೇಳಿದ್ದಕ್ಕೇ ಹಿಂಗ ಆಗ್ಯದ್ರಿ," ಎಂದೆ. ಅವರಿಗೆ ತಿಳಿಯಲಿಲ್ಲ. ನಾನು ಅಂದದ್ದನ್ನು ನೀನು ಅಪ್ಪನ ಮುಂದೆ ಬಾಯಿಬಿಟ್ಟು ಹೇಳಿಲ್ಲವೆಂದು ನನಗೆ ಆಗ ಗೊತ್ತಾಯಿತು. ಫೋನ್ ಇಟ್ಟು ಒಲೆಯ ಮುಂದೆ ಹಾಗೇ ಕುಳಿತೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ಮೇ ತಿಂಗಳಲ್ಲಿ ನನ್ನ ಬೀಸುವ ಪದ ರೆಕಾರ್ಡ್ ಮಾಡಲು ನೀನು ಬಂದ ದಿನವೇ ನನ್ನ ಪೆಟ್ಟಿಗೆಯ ಕೌದಿಗಳನ್ನೆಲ್ಲ ತೆಗೆದು ನಡುಮನೆಯ ಗೋಡೆಗೆ ಮೊಳೆ ಹೊಡೆದು ಇಳಿಬಿಟ್ಟಿದ್ದೆಯಲ್ಲ. "ದನಿ ಗ್ವಾಡಿಗೆ ಬಡದು ಹೊಳ್ಳಿ ಬರಬಾರ್ದು ಆಯಿ," ಎಂದು ನನಗೇ ಪಾಠ. ಕಿಟಕಿಗೆ ಗೋಣಿಚೀಲ ತುರುಕಿ, ಆಡನ್ನು ಪಕ್ಕದ ಬಾಳಮ್ಮನ ಮನೆಗೆ ಕಳಿಸಿ, ಕೊನೆಗೆ ಫ್ಯಾನನ್ನೂ ಬಂದ್ ಮಾಡಿದೆ.

"ಇಂಥಾ ಬಿಸಲಾಗ ಮುದುಕೀನ್ನ ಕೌದ್ಯಾಗ ಮುಚ್ಚಿ ಫ್ಯಾನ್ ಬಂದ್ ಮಾಡಾಕತ್ತೀದಿ. ನೀ ಮೊಮ್ಮಗಳೋ ಸೊಸಿಯೋ?" ಎಂದು ನಾನು ಕೇಳಿದರೆ ಬಾಳಮ್ಮ ಬಾಗಿಲಲ್ಲಿ ನಿಂತು, "ಸಾಬವ್ವಗ ಬಾಣಂತನ ಮಾಡಾಕತ್ತಾಳ ತಗೋ," ಎಂದು ನಕ್ಕಳು. ನೀನೂ ನಕ್ಕೆ. ನಿನ್ನವ್ವ ಹೋದಮೇಲೆ ನೀನು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ಹೆಡ್‌ಫೋನ್ ಹಾಕಿ ನನ್ನ ಕಿವಿಯಲ್ಲಿ ತಾಳದ ಆ ಟಕ್ ಟಕ್ ಸದ್ದು ಇಟ್ಟು ಅದರ ಜೊತೆ ಹಾಡು ಎಂದೆ. ನನಗೆ ಬರಲಿಲ್ಲ. ನಮ್ಮ ಹಾಡು ಬೀಸುಕಲ್ಲಿನ ಮೇಲೆ ನಡೆಯುವಂಥದ್ದು, ಮೈತ್ರಿ. ಹಿಡಿ ಜೋಳ ಹಾಕಿದಾಗ ಕಲ್ಲು ಭಾರವಾಗುತ್ತದೆ, ಹಾಡು ನಿಧಾನವಾಗುತ್ತದೆ. ಜೋಳ ತೀರುತ್ತ ಬಂದಾಗ ಕಲ್ಲು ಹಗುರಾಗಿ ಹಾಡೂ ಓಡುತ್ತದೆ. "ನಿನ್ನ ಟಕ್ ಟಕ್‌ಗ ಕಾಳು ಯಾರ ಹಾಕ್ತಾರ?" ಎಂದು ಕೇಳಿದ್ದಕ್ಕೆ ನೀನು, "ಅದು ನನಗೂ ಇನ್ನ ಬರಂಗಿಲ್ಲ ಆಯಿ. ನಾ ಆರ ತಿಂಗಳಿಂದ ವಿಡಿಯೋ ನೋಡಿ ಕಲ್ಯಾಕತ್ತೇನಿ," ಎಂದೆ. ಬರುವುದಿಲ್ಲ ಎಂದು ಒಪ್ಪಿಕೊಂಡೆಯಲ್ಲ, ಆಗ ನಿನ್ನ ಮೇಲೆ ನನಗೆ ಬಹಳ ಪ್ರೀತಿ ಬಂತು. ಬಾಯಲ್ಲಿ ಹೇಳಲಿಲ್ಲ. ನನ್ನ ಬಾಯಿಗೆ ಅಂಥ ಮಾತು ಸಲೀಸಾಗಿ ಬರುವುದಿಲ್ಲ.

ಆಮೇಲೆ ನೀನೇ ಹೇಳಿದೆ, ಹಾಡು ಅರ್ಧ ಅರ್ಧ ಕೇಳುತ್ತದೆ ಎಂದು. ನಿನ್ನ ಕಿವಿ ಸರಿಯಾಗಿಯೇ ಇತ್ತು. ಬೀಸುವ ಪದ ಒಬ್ಬಳ ಹಾಡಲ್ಲ. ಕಲ್ಲಿನ ಆ ಕಡೆ ಕುಳಿತವಳು ಸೊಲ್ಲು ಹಿಡಿಯಬೇಕು. ನನ್ನ ಸಾಲು ಮುಗಿಯುತ್ತಿದ್ದ ಹಾಗೆ ಕೊನೆಯ ಮಾತನ್ನು ಎತ್ತಿಕೊಂಡು, ನಾನು ಉಸಿರು ತೆಗೆದುಕೊಳ್ಳುವವರೆಗೆ ನಡೆಸಬೇಕು. ನಿನ್ನವ್ವ ರಮಾ ಏಳು ವರ್ಷದವಳಿದ್ದಾಗಿನಿಂದ ನನಗೆ ಸೊಲ್ಲು ಹಿಡಿದವಳು. ಅದಕ್ಕೇ ನೀನು ಆ ಹಳೆಯ ರೆಕಾರ್ಡಿಂಗ್ ತೆಗೆದೆ. ನಾಲ್ಕು ವರ್ಷದ ಹಿಂದೆ ಇದೇ ನಡುಮನೆಯಲ್ಲಿ ರಮಾ ತನ್ನ ಫೋನಿನಲ್ಲಿ ಹಿಡಿದಿಟ್ಟಿದ್ದು. ನಾನು ಹಾಡಿದ್ದೆ, ಅವಳು ಸೊಲ್ಲು ಹಿಡಿದಿದ್ದಳು. ಮುಂದೆ ಗಂಟಲಿನ ಬೇನೆ ಅವಳಿಗಿಂತ ಮೊದಲು ಅವಳ ದನಿಯನ್ನು ಒಯ್ದಿತು. ಕಡೆಯ ದಿನಗಳಲ್ಲಿ ನೀರು ಬೇಕಾದರೂ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದಳು. ಆ ಫೋನೂ ಕೆಟ್ಟಿತು. ನಮ್ಮ ರಮಾಳ ದನಿ ಇದ್ದದ್ದು ನಿನ್ನ ಲ್ಯಾಪ್‌ಟಾಪಿನಲ್ಲಿ ಒಂದೇ ಕಡೆ.

"ಕಲ್ಲಿನ ಗರಗರ ಭಾಳ ಅದ ಆಯಿ, ಸ್ವಚ್ಛ ಮಾಡ್ತೀನಿ," ಎಂದು ಕುಳಿತೆ. ನಾನು ಹಾಡದೆ ಇದ್ದ ಒಂದು ತುಣುಕನ್ನು ಮಶೀನಿಗೆ ತೋರಿಸಿ, ಇದು ಕಸ, ಇಂಥದ್ದು ಎಲ್ಲೆಲ್ಲಿ ಇದೆಯೋ ಎಲ್ಲ ತೆಗೆ ಎಂದು ಹೇಳಿದೆ. ನಾನು ಹಾಡದೆ ಇದ್ದ ಜಾಗದಲ್ಲಿಯೇ ಅಲ್ಲವೇ ಅವಳ ಸೊಲ್ಲು ಇದ್ದದ್ದು. ಅದೇ ಹೆಸರಿನಲ್ಲಿ, ಹಳೆಯದರ ಮೇಲೆಯೇ ಸೇವ್ ಮಾಡಿಟ್ಟೆ. ನನ್ನ ಫೋನಿಗೂ ಹಾಕಿ, ಖುಷಿಯಿಂದ ತಂದು ನನ್ನ ಕಿವಿಗೆ ಇಟ್ಟೆ. ನನ್ನ ದನಿ ಹುಣಸೆ ಹಚ್ಚಿ ತಿಕ್ಕಿದ ತಾಮ್ರದ ಕೊಡದ ಹಾಗೆ ಥಳಥಳ ಇತ್ತು. ಒಂದು ಸಾಲು ಮುಗಿಯಿತು. ಸೊಲ್ಲು ಬರುವ ಕಡೆ ಏನೂ ಇಲ್ಲ. ಎರಡನೆಯ ಸಾಲು ಮುಗಿಯಿತು. ಅಲ್ಲಿಯೂ ಇಲ್ಲ.

"ರಮಾ ಎಲ್ಲಿ?" ಎಂದು ಕೇಳಿದೆ.

ನೀನು ಗುಂಡಿಗಳನ್ನು ಒತ್ತಿ ಒತ್ತಿ ಹಳೆಯದನ್ನು ಹುಡುಕುವುದನ್ನು ನೋಡಿದೆ. ನೋಡಿಯೂ ಅಂದೆ: "ಒಮ್ಮಿ ನಾವೆಲ್ಲಾ ಕೂಡಿ ಮಣ್ಣಾಗ ಇಟ್ಟು ಬಂದಿದ್ವಿ. ಇನ್ನೊಮ್ಮಿ ನೀ ಒಬ್ಬಾಕೀನೇ ಇಟ್ಟಿ."

ನೀನು ಕೌದಿಗಳನ್ನು ಒಂದೊಂದಾಗಿ ಇಳಿಸಿ, ಮೊದಲಿದ್ದ ಮಡಿಕೆಯಲ್ಲೇ ಮಡಚಿ ಪೆಟ್ಟಿಗೆಯಲ್ಲಿಟ್ಟು, ಮರುದಿನ ಮೊದಲ ಬಸ್ಸಿಗೆ ಹೋದೆ. ಎಸೆದು ಹೋಗಿದ್ದರೆ ನನಗೆ ಬೈಯಲು ಏನಾದರೂ ಸಿಗುತ್ತಿತ್ತು.

ಮೊನ್ನೆ ನಾನೊಬ್ಬಳೇ ಆಳಂದಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹಿಂದೆ ಮದುವೆಯ ಹಾಡು, ವಿಡಿಯೋ ಎಲ್ಲ ಮಾಡಿಕೊಡುವ ಯಾಸೀನನ ಅಂಗಡಿ ಇದೆ. ಅಲ್ಲಿ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ನೀನು ನನ್ನ ಫೋನಿಗೆ ಹಾಕಿಕೊಟ್ಟಿದ್ದ ಆ ಹಾಡನ್ನೂ ಕೇಳಿಸಿದೆ. ಎರಡು ಸಲ ಕೇಳಿ, "ಹಳೇದರ ಮ್ಯಾಲ ಸೇವ್ ಆಗ್ಯದ ಆಯಿ. ಇನ್ನ ಹೊಳ್ಳಿ ಬರಂಗಿಲ್ರಿ," ಎಂದ. ಚಹಾ ತರಿಸಿದ. ನನಗೆ ಕುಡಿಯಲು ಆಗಲಿಲ್ಲ.

ಈಗ ನಾನು ಹೇಳಬೇಕಾದದ್ದು ಇಷ್ಟೇ. ನಾನು ಅಂದದ್ದು ತಪ್ಪು. ಹೊಸದಾಗಿ ರೊಟ್ಟಿ ಬಡಿಯುವವಳ ಮೊದಲ ರೊಟ್ಟಿ ಹರಿದರೆ ಯಾರೂ ಅವಳನ್ನು ಒಲೆಯಿಂದ ಎಬ್ಬಿಸುವುದಿಲ್ಲ. ನಾನು ನಿನ್ನನ್ನು ಎಬ್ಬಿಸಿದೆ. ಆ ಲ್ಯಾಪ್‌ಟಾಪನ್ನು ಅಟ್ಟದಿಂದ ಇಳಿಸು. ತೊಗರಿ ಬಿತ್ತನೆ ಮುಗಿದ ಮೇಲೆ ಬಾ, ಕೌದಿ ನಾನೇ ಕಟ್ಟುತ್ತೇನೆ. ಸೊಲ್ಲು ಹಿಡಿಯಲು ಬಾಳಮ್ಮ ಬರುತ್ತಾಳಂತೆ. ಅವಳ ದನಿ ಎಣ್ಣೆ ಕಾಣದ ಬಾಗಿಲಿನಂತಿದೆ, ಇರಲಿ. ಎರಡು ಹೊತ್ತು ಉಣ್ಣು. ಅಪ್ಪನ ಜೊತೆ ನಾಲ್ಕು ಮಾತಾಡು. ನನ್ನ ಆಯುಷ್ಯದಲ್ಲಿ ಉಳಿದಿರುವುದೂ ನಿನಗೇ ಸೇರಲಿ.

ನಿನ್ನ ಆಯಿ,
ಸಾಬವ್ವ

ತಾ.ಕ.: ಪತ್ರವನ್ನು ಅಂಟಿಸಿ ಎರಡು ದಿನ ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಿದ್ದೆ. ಟಪಾಲಿಗೆ ಹಾಕಲು ಕೈ ಬರಲಿಲ್ಲ. ಲಕೋಟೆ ಹರಿದು ಪತ್ರ ಹೊರಗೆ ತೆಗೆದು ಇಷ್ಟನ್ನು ಕೆಳಗೆ ಸೇರಿಸುತ್ತಿದ್ದೇನೆ.

ಯಾಸೀನ ಹೇಳಿದ್ದನ್ನು ನಾನು ಪೂರ್ತಿ ಬರೆದಿರಲಿಲ್ಲ. "ಹುಡುಗಿ ಮಾಡಿದ ತಪ್ಪು ಸಣ್ಣದದ ಆಯಿ, ಹೊಸಬರು ಎಲ್ಲಾರೂ ಮಾಡ್ತಾರ. ಆದ್ರ ನಿಮ್ಮ ಮಗಳು ಫೋನಿಗೆ ಭಾಳ ದೂರ ಕುಂತು ಹಾಡಿರಬೇಕು. ನಿಮ್ಮಂಗ ಹತ್ತಿರ ಕುಂತಿದ್ರ ಮಶೀನು ಅವ್ರ ದನಿ ಅಷ್ಟು ಸಲೀಸ ಅಳಸ್ತಿರ್ಲಿಲ್ಲ. ಯಾಕ ದೂರ ಕುಂತಿದ್ರು?" ಎಂದು ಕೇಳಿದ. ಗೊತ್ತಿಲ್ಲ ಎಂದು ಹೇಳಿ ಎದ್ದು ಬಂದೆ.

ಗೊತ್ತಿದೆ. ಆ ದಿನ ಫೋನನ್ನು ಕಲ್ಲಿನ ಮಗ್ಗುಲಲ್ಲಿಟ್ಟು ರಮಾ ಎಂದಿನಂತೆ ನನ್ನ ಎದುರಿಗೇ ಕುಳಿತಿದ್ದಳು. ಅವಳ ಗಂಟಲು ಕಟ್ಟಿತ್ತು. ನನ್ನ ಹಾಡು ಚೆಂದ ಬರಲಿ ಎಂಬ ಆಸೆ ನನಗೆ. "ಒಡದ ಗಡಗಿ ಆಗ್ಯದ ನಿನ್ನ ದನಿ. ನನ್ನ ಪದ ಕೆಡಸಬ್ಯಾಡ, ಹೊಸ್ತಿಲದಾಗ ಹೋಗಿ ಕುಂಡ್ರು," ಎಂದೆ. "ಹೂಂ ಬೇ ಅವ್ವಾ," ಎಂದು ಎದ್ದು ಹೋದಳು. ಕಲ್ಲನ್ನು ನಾನೊಬ್ಬಳೇ ತಿರುವಿದೆ. ಅವಳು ಹೊಸ್ತಿಲಿನಿಂದಲೇ, ನನಗೆ ಅಡ್ಡಿಯಾಗದ ಹಾಗೆ ಸಣ್ಣಗೆ ಸೊಲ್ಲು ಹಿಡಿದಳು. ಒಂದನ್ನೂ ತಪ್ಪಿಸಲಿಲ್ಲ. ಅದು ನೆಗಡಿಯಲ್ಲ, ಗಂಟಲಿನ ಆ ಬೇನೆ ಎಂದು ನಾಲ್ಕು ತಿಂಗಳ ಮೇಲೆ ಡಾಕ್ಟರು ಹೇಳಿದರು.

ಅಳಿಸಿದ್ದು ನೀನು ಎಂದು ಬೈದೆ. ಅಳಿಸಿ ಹೋಗುವಷ್ಟು ಅವಳನ್ನು ಸಣ್ಣ ಮಾಡಿದವಳು ನಾನು. ನಿನ್ನಪ್ಪನಿಗೂ ಇದನ್ನು ಓದಿ ಹೇಳು, ನನಗೆ ಹೇಳಲು ಬಾಯಿಲ್ಲ. ಓದಿದ ಮೇಲೂ ಮನಸ್ಸಾದರೆ ಬಾ.